ಹಡಗಿನ ಗಡಿಯಾರ, ಕಡಲಿನ ಹೊತ್ತು

ಚೆನ್ನೈ ಬಂದರಿನಿಂದ ವಿಹಾರಯಾನ ಮಾಡಿದ ‘ಎಂಪ್ರೆಸ್’ ಹಡಗು ಹುಟ್ಟಿದ್ದು ಬಂಗಾಳ ಕೊಲ್ಲಿಗಾಗಿ ಅಲ್ಲ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಅದು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಿಂದ ಸೇವೆಗೆ ಬಂತು. ಮಯಾಮಿಯಲ್ಲಿ ಜನರನ್ನು ಹತ್ತಿಸಿಕೊಂಡು ಬಹಾಮಾಸ್ ದ್ವೀಪಗಳಿಗೆ ಮೂರು ನಾಲ್ಕು ರಾತ್ರಿಗಳ ಸುತ್ತು ಹಾಕಿಸುವುದು ಆಗ ಅದರ ಕೆಲಸ. ಮುಂದೆ ಹೆಸರು, ಒಡೆತನ ಬದಲಾಗುತ್ತ 2017ರ ಹೊತ್ತಿಗೆ ಅದು ಕ್ಯೂಬಾದ ಹವಾನಾಕ್ಕೂ ಹೋಗಿಬಂತು. ಕೋವಿಡ್ ಕಾಲದಲ್ಲಿ ಕಾರ್ಡೇಲಿಯಾ ಕಂಪನಿಯ ಪಾಲಾಗಿ 2021ರಲ್ಲಿ ಮುಂಬೈಯಿಂದ ಓಡತೊಡಗಿತು. 2022ರ ಜೂನ್‌ನಲ್ಲಿ ಚೆನ್ನೈಗೂ ಬಂತು. ಮರುವರ್ಷ ಇಲ್ಲಿಂದ ಶ್ರೀಲಂಕಾದ ಹಂಬನ್‌ತೋಟ, ತ್ರಿಂಕೋಮಲಿ, ಕಾಂಕೇಸನ್‌ತುರೈಗಳತ್ತ ಹೊರಟಿತು. ಮಧ್ಯಮ ವರ್ಗದ ಅಮೆರಿಕನ್ನರಿಗೆ ಮೂವತ್ತು ವರ್ಷಗಳಿಂದ ಗೊತ್ತಿರುವ ಒಂದು ರೂಢಿಯೂ ಆ ಹಡಗಿನ ಜೊತೆಗೇ ನಮ್ಮ ಕಡೆಗೆ ಬಂದಿದೆ: ಬೆಳಿಗ್ಗೆ ಹಡಗು ಯಾವುದೋ ಊರಿನ ಮುಂದೆ ನಿಲ್ಲುತ್ತದೆ, ಸಂಜೆಯೊಳಗೆ ಆ ಊರಿನ ಕಡಲಿಗೊಮ್ಮೆ ಇಳಿದು ಬರಬೇಕು.

ಅದೇ ಚೆನ್ನೈಯ ಕೋಯಂಬೇಡಿನಲ್ಲಿ ಕಡಲಿನ ಗಾಳಿಯೂ ಬೀಸುವುದಿಲ್ಲ. ಮರೀನಾ ದಂಡೆ ಇಲ್ಲಿಂದ ಸುಮಾರು ಹತ್ತು ಕಿಲೋಮೀಟರ್ ದೂರ. ಕೋಲಾರದ ಟೊಮೆಟೊ ಲಾರಿಗಳು ಬರುವ ದೊಡ್ಡ ಮಾರುಕಟ್ಟೆ, ಅದರ ಪಕ್ಕದಲ್ಲಿ 2002ರಲ್ಲಿ ತೆರೆದ ಬಸ್ ನಿಲ್ದಾಣ, ಅದಕ್ಕೆ ಅಂಟಿಕೊಂಡಂತೆ ಮೆಟ್ರೊ. ಆದರೂ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಇಲ್ಲಿ ಇಳಿಯುವ ಕನ್ನಡಿಗರಿಗೆ ನೀರಿನ ದಾರಿ ಕವಲೊಡೆಯುವುದು ಇಲ್ಲಿಯೇ. ಮೆಟ್ರೊ ಹತ್ತಿ ಸೆಂಟ್ರಲ್‌ನಲ್ಲಿ ಬದಲಾಯಿಸಿಕೊಂಡರೆ ಹೈಕೋರ್ಟ್ ನಿಲ್ದಾಣ, ಅಲ್ಲಿಂದ ಬಂದರು ಹತ್ತಿರ. ಇದು ಹಡಗಿನ ದಾರಿ. ಇನ್ನೊಂದು ಬಸ್ಸಿನ ದಾರಿ. 2023ರ ಕೊನೆಯಲ್ಲಿ ಕಿಲಾಂಬಾಕ್ಕಂ ನಿಲ್ದಾಣ ತೆರೆದು ದಕ್ಷಿಣದ ಬಸ್ಸುಗಳು ಅಲ್ಲಿಗೆ ಹೋದಾಗಲೂ ಪೂರ್ವ ಕರಾವಳಿ ರಸ್ತೆ ಹಿಡಿದು ಪುದುಚೇರಿಗೆ ಹೋಗುವ ಬಸ್ಸುಗಳು ಕೋಯಂಬೇಡಿನಲ್ಲೇ ಉಳಿದವು. ಸುಮಾರು 150 ಕಿಲೋಮೀಟರ್ ಹಾದಿ. ಅದರ ತುದಿಯಲ್ಲಿ ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವುದನ್ನು ಕಲಿಸುವ ಕೇಂದ್ರಗಳಿವೆ.

ಎರಡೂ ದಾರಿ ಕೊನೆಗೆ ಮುಟ್ಟುವುದು ಒಬ್ಬ ಮನುಷ್ಯನನ್ನು. ದಡದಲ್ಲಿ ಸಿಲಿಂಡರ್, ದೋಣಿ, ಡೈವ್ ಮಾಸ್ಟರ್ ಇಟ್ಟುಕೊಂಡಿರುವ ಸ್ಥಳೀಯ ನಿರ್ವಾಹಕನನ್ನು. ಅವನನ್ನು ಹೇಗೆ ನೋಡಬೇಕು, ಅವನ ಮೇಲೆ ಯಾವ ಭಾರ ಹೇರಬಾರದು ಎಂಬುದು ಸ್ಕೂಬಾ ಕುರಿತ ಎಲ್ಲ ತಿಳಿವಳಿಕೆಗಿಂತ ಮುಖ್ಯ ಎಂದು ನಾನು ನಂಬಿದ್ದೇನೆ.

ಕೆರಿಬಿಯನ್‌ನಲ್ಲಿ ಈ ವ್ಯವಹಾರ ಬಲಿತು ಹಣ್ಣಾಗಿದೆ, ಆದ್ದರಿಂದ ಅಲ್ಲಿಂದಲೇ ನೋಡೋಣ. ಹಡಗಿನಲ್ಲಿರುವ ಪ್ರವಾಸಿಗೆ ಎರಡು ಆಯ್ಕೆ. ಹಡಗಿನ ಕೌಂಟರಿನಲ್ಲೇ ಡೈವಿಂಗ್ ಟಿಕೆಟ್ ಕೊಳ್ಳಬಹುದು, ಇಲ್ಲವೇ ಊರಿನ ನಿರ್ವಾಹಕರ ಜೊತೆ ತಾನೇ ಮೊದಲೇ ಮಾತಾಡಿಕೊಳ್ಳಬಹುದು. ಹಡಗಿನವರು ಮಾರುವ ಡೈವ್‌ಅನ್ನು ನಡೆಸಿಕೊಡುವವರೂ ಬಹುಪಾಲು ಊರಿನವರೇ, ಕರಾರಿನ ಮೇಲೆ. ಹಡಗಿನ ಕೌಂಟರಿನಲ್ಲಿ ಟಿಕೆಟ್ ಕೊಂಡವರ ದೋಣಿ ತಡವಾದರೆ ಹಡಗು ಕಾಯುತ್ತದೆ. ತಾವೇ ಹೋದವರಿಗಾಗಿ ಕಾಯುವುದಿಲ್ಲ. ಆದರೆ ಹಡಗಿನ ಗುಂಪು ದೊಡ್ಡದು. ನೂರು ಸಲ ಮುಳುಗಿದವರೂ ಮೊನ್ನೆ ಮೊನ್ನೆ ಕಲಿತವರೂ ಒಂದೇ ದೋಣಿಯಲ್ಲಿ ಕೂತಿರುತ್ತಾರೆ. ಆಗ ಡೈವ್ ಮಾಸ್ಟರ್ ಎಲ್ಲರಿಗಿಂತ ಹಿಂದುಳಿದವನಿಗೆ ತಕ್ಕ ಜಾಗವನ್ನೇ ಆರಿಸಬೇಕಾಗುತ್ತದೆ. ಊರಿನ ಸಣ್ಣ ದೋಣಿಯಲ್ಲಿ ಆರೆಂಟು ಜನ ಇದ್ದಾಗ ಪ್ರತಿಯೊಬ್ಬರ ಉಸಿರಾಟ ಎಷ್ಟು ಬಿರುಸು, ಯಾರ ಕಣ್ಣಲ್ಲಿ ಅಳುಕಿದೆ ಎಂಬುದನ್ನು ಅವನು ನೋಡಿ ಹೇಳಬಲ್ಲ.

ಕಷ್ಟ ಇರುವುದು ಗಡಿಯಾರದಲ್ಲಿ. ಮೆಕ್ಸಿಕೋದ ಕೊಸುಮೆಲ್ ದ್ವೀಪಕ್ಕೆ ಹಡಗುಗಳು ಸಾಲುಗಟ್ಟಿ ಬರುತ್ತವೆ. ಆ ದ್ವೀಪ ಇರುವ ಕಿಂಟಾನಾ ರೂ ರಾಜ್ಯ 2015ರಲ್ಲಿ ತನ್ನ ಕಾಲಮಾನವನ್ನು ಬದಲಿಸಿಕೊಂಡಿತು. ಬೇಸಿಗೆ, ಚಳಿಗಾಲ ಎಂದು ಮುಳ್ಳು ಹಿಂದೆ ಮುಂದೆ ಮಾಡುವುದೂ ಅಲ್ಲಿಲ್ಲ. ಹಡಗು ಹೊರಟ ಊರಿನ ಸಮಯವನ್ನೇ ಇಟ್ಟುಕೊಂಡಿದ್ದರೆ ಬೇಸಿಗೆಯಲ್ಲಿ ಮಯಾಮಿಯಿಂದ ಬಂದ ಹಡಗಿನ ಗಡಿಯಾರ ದಡದ ಗಡಿಯಾರಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ನೀರಿನಿಂದ ಎದ್ದು ಬಂದು ದಡದ ಗೋಡೆಯ ಮೇಲೆ ಮೂರು ಗಂಟೆ ಎಂದು ನೋಡುವವನಿಗೆ ಹಡಗಿನಲ್ಲಿ ಆಗಲೇ ನಾಲ್ಕಾಗಿದೆ ಎಂಬುದು ಹೊಳೆಯುವುದಿಲ್ಲ. ಅನುಭವಿ ನಿರ್ವಾಹಕರು ಬುಕಿಂಗ್ ಪಡೆಯುವಾಗಲೇ ನಿಮ್ಮ ಹಡಗು ಯಾವುದು, ಹತ್ತಬೇಕಾದ ಕೊನೆಯ ಹೊತ್ತು ಯಾವುದು ಎಂದು ಕೇಳಿ ಬರೆದಿಟ್ಟುಕೊಳ್ಳುತ್ತಾರೆ. ಕೇಳದವರ ದೋಣಿ ಹತ್ತದಿರುವುದೇ ಲೇಸು.

ಈ ಅವಸರ ದಡದ ಮೇಲೆ ಬರೀ ಕಿರಿಕಿರಿ. ನೀರಿನೊಳಗೆ ಅದರ ಪರಿಣಾಮ ಬೇರೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಹತ್ತು ಮೀಟರ್ ಕೆಳಗೆ ಎದೆ ತುಂಬ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಕಟ್ಟಿಕೊಂಡು ಮೇಲೇರಿದರೆ ಶ್ವಾಸಕೋಶ ಹರಿಯಬಹುದು; ಒಂದೆರಡು ಮೀಟರ್ ನೀರಿನಲ್ಲೂ ಹೀಗಾಗುವ ಸಾಧ್ಯತೆ ಇದೆ. ಸ್ಕೂಬಾದ ಮೊದಲ ಪಾಠವೇ ಉಸಿರು ಕಟ್ಟಬೇಡ ಎಂಬುದು. ಕೆಳಗಿಳಿಯುವಾಗ ಕಿವಿಯ ತಮಟೆಯ ಮೇಲೆ ಒತ್ತಡ ಬೀಳುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಅದನ್ನು ಸರಿದೂಗಿಸಬೇಕು, ಅದೂ ನೋವು ಶುರುವಾಗುವ ಮೊದಲೇ. ಕೆಲವರಿಗೆ ಅರ್ಧ ನಿಮಿಷ ಸಾಕು, ಕೆಲವರಿಗೆ ಐದು ನಿಮಿಷ ಬೇಕು. ನೆಗಡಿ ಇದ್ದವರಿಗೆ ಹಲವು ಸಲ ಆಗುವುದೇ ಇಲ್ಲ. ಇನ್ನು ಸಿಲಿಂಡರಿನ ಗಾಳಿಯಲ್ಲಿರುವ ಸಾರಜನಕ ಆಳದಲ್ಲಿ ರಕ್ತಕ್ಕೂ ಮಾಂಸಖಂಡಕ್ಕೂ ಇಳಿದು ಕರಗಿರುತ್ತದೆ. ಬೇಗ ಮೇಲೆದ್ದರೆ ಅದು ಗುಳ್ಳೆಗಟ್ಟಿ ಕೀಲು, ನರ, ಬೆನ್ನುಹುರಿಯನ್ನು ಹಿಡಿಯುತ್ತದೆ. ಆದ್ದರಿಂದಲೇ ನಿಮಿಷಕ್ಕೆ ಒಂಬತ್ತು ಮೀಟರ್ ಮೀರದಂತೆ ಏರುವುದು, ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರುವುದು. ಹಡಗು ಸೈರನ್ ಊದಿತೆಂದು ಈ ಮೂರು ನಿಮಿಷವನ್ನು ಕಡಿಮೆ ಮಾಡಲಿಕ್ಕೆ ಬರುವುದಿಲ್ಲ.

ಕೆರಿಬಿಯನ್ ದ್ವೀಪಗಳಲ್ಲಿ ಊರಿನ ಜನರೇ ಈ ವಿದ್ಯೆಯನ್ನು ಕಟ್ಟಿ ಬೆಳೆಸಿದರು. ಗ್ರ್ಯಾಂಡ್ ಕೇಮನ್ ದ್ವೀಪದ ಬಾಬ್ ಸೋಟೊ 1957ರಲ್ಲಿ ಅಲ್ಲಿ ಡೈವಿಂಗ್ ಅಂಗಡಿ ತೆರೆದಾಗ ಆ ಸೀಮೆಗೆ ಅಂಥದ್ದು ಹೊಸತು. ಇವತ್ತಿಗೂ ಆ ದ್ವೀಪದಲ್ಲಿ ವಿಹಾರದ ಹಡಗುಗಳು ನೇರವಾಗಿ ಕಟ್ಟೆಗೆ ತಾಗುವುದಿಲ್ಲ. ದೂರದಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತವೆ. ದೊಡ್ಡ ಕಟ್ಟೆ ಕಟ್ಟಬೇಕೆಂಬ ಯೋಜನೆ ವರ್ಷಗಟ್ಟಲೆ ಎಳೆದಾಡಿತು. ಹೂಳೆತ್ತಿದರೆ ಜಾರ್ಜ್‌ಟೌನ್ ಬಂದರಿನ ಹವಳದ ದಿಬ್ಬಗಳು ಹೋಗುತ್ತವೆ ಎಂದು ಡೈವಿಂಗ್ ನಂಬಿದವರೂ ದ್ವೀಪದ ಬಹಳಷ್ಟು ಜನರೂ ಎದುರು ನಿಂತರು. 2025ರ ಏಪ್ರಿಲ್ 30ರಂದು ನಡೆದ ಜನಮತಗಣನೆಯಲ್ಲಿ ಬಹುಮತ ಕಟ್ಟೆ ಬೇಡ ಎಂದಿತು. ಹಡಗಿನ ಪ್ರವಾಸಿಗರಿಂದಲೂ ಹಣ ಕಾಣುವ ಊರೊಂದು ತನ್ನ ಕಡಲನ್ನು ಆರಿಸಿಕೊಂಡ ಈ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಹೆಚ್ಚು ಕಾಣಲಿಲ್ಲ. ಕಾಣಬೇಕಿತ್ತು.

ಪುದುಚೇರಿಯಲ್ಲೂ ದೊಡ್ಡ ಹಡಗು ಕಟ್ಟೆಗೆ ತಾಗುವುದಿಲ್ಲ. 2022ರ ಜೂನ್‌ನಲ್ಲಿ ಎಂಪ್ರೆಸ್ ಅಲ್ಲಿಗೆ ಬಂದಾಗ ಕ್ಯಾಸಿನೋ ಕಾರಣಕ್ಕೆ ವಿರೋಧ ಎದ್ದು, ಅನುಮತಿ ಸಿಗದೆ ಮರಳಿತು. 2025ರ ಜುಲೈನಲ್ಲಿ ವಿಶಾಖಪಟ್ಟಣದಿಂದ ಬಂದ ಕಾರ್ಡೇಲಿಯಾ ಹಡಗು ಕಡಲಲ್ಲಿ ನಿಂತು ಪ್ರಯಾಣಿಕರನ್ನು ಸಣ್ಣ ದೋಣಿಗಳಲ್ಲಿ ದಡಕ್ಕೆ ಕಳಿಸಿತು. ದೋಣಿಯ ಸಾಲಿನಲ್ಲಿ ಇಳಿಯಲು ಒಂದು ಗಂಟೆ, ಮರಳಿ ಹತ್ತಲು ಮತ್ತೊಂದು ಗಂಟೆ ಕಳೆದರೆ ಪ್ರವಾಸಿಯ ಕೈಯಲ್ಲಿ ಉಳಿಯುವುದು ಅರ್ಧ ದಿನ. ಎರಡು ಸಿಲಿಂಡರಿನ ಡೈವ್ ಎಂದರೆ ದಡ ಬಿಟ್ಟು ದಡ ಸೇರಲು ನಾಲ್ಕೈದು ಗಂಟೆ ಬೇಕು. ಈ ಲೆಕ್ಕ ಕೂಡುವುದು ಕಷ್ಟ.

ಪುದುಚೇರಿಯ ಕಡಲಡಿಯಲ್ಲಿ ನೋಡಲು ಇರುವುದೂ ಸುಲಭವಾಗಿ ಸಿಗುವಂಥದ್ದಲ್ಲ. ಇಲ್ಲಿ ಲಕ್ಷದ್ವೀಪದಂಥ ತಿಳಿನೀರಿಲ್ಲ. ನದಿಗಳು ಮಣ್ಣು ತರುತ್ತವೆ, ತಳ ಹೆಚ್ಚಾಗಿ ಮರಳು. ಹಾಗಾಗಿ ಪುದುಚೇರಿಯ ಡೈವರ್‌ಗಳು ಕಾಂಕ್ರೀಟ್ ಬ್ಲಾಕು, ಕಬ್ಬಿಣ, ಕಲ್ಲು, ತಾಳೆಮರದ ದಿಮ್ಮಿ ಇಳಿಸಿ ‘ಟೆಂಪಲ್ ರೀಫ್’ ಎಂಬ ಕೃತಕ ದಿಬ್ಬವನ್ನೇ ಮಾಡಿದರು. ಮರಳುಗಾಡಿನಂಥ ತಳದಲ್ಲಿ ಹಿಡಿದುಕೊಳ್ಳಲು ಗಟ್ಟಿ ಆಸರೆ ಸಿಕ್ಕಿದ್ದೇ ಪಾಚಿ, ಸ್ಪಂಜು, ಸಣ್ಣ ಮೀನು, ಅವನ್ನು ತಿನ್ನುವ ದೊಡ್ಡ ಮೀನು ಒಂದರ ಹಿಂದೊಂದು ಬಂದವು. ಒಂದು ದಿನ ನೀರು ಹದಿನೈದು ಮೀಟರ್‌ವರೆಗೆ ತಿಳಿಯಾಗಿದ್ದರೆ ಮರುದಿನ ಚಾಚಿದ ಕೈ ಕಾಣದಷ್ಟು ಕದಡಿರಬಹುದು. ಬೆಳಿಗ್ಗೆ ಎದ್ದು ಗಾಳಿ, ಅಲೆ, ನೀರಿನ ಬಣ್ಣ ನೋಡಿದವನಿಗೆ ಮಾತ್ರ ಅದು ಗೊತ್ತು. ಇಲ್ಲಿನ ಮೀನುಗಾರರು ಗಾಳಿಯನ್ನು ಬರೀ ಗಾಳಿ ಎನ್ನುವುದಿಲ್ಲ. ಪಡುವಣದ್ದು ಕಚ್ಚಾನ್, ಬಡಗಣದ್ದು ವಾಡೈ, ಮೂಡಣದಿಂದ ಬೀಸುವುದು ಕೊಂಡಲ್. ಯಾವ ಗಾಳಿಗೆ ನೀರು ಯಾವ ಕಡೆ ಸೆಳೆಯುತ್ತದೆ, ಯಾವಾಗ ದೋಣಿ ಇಳಿಸಬಾರದು ಎಂಬುದು ಅವರಿಗೆ ಕಟ್ಟುಮರದ ಕಾಲದಿಂದ ಬಂದ ತಿಳಿವಳಿಕೆ.

ಆ ತಿಳಿವಳಿಕೆಯನ್ನು ವಿಜ್ಞಾನಿಗಳೂ ನೆಚ್ಚಿದ್ದಾರೆ. ಕೋಯಂಬೇಡಿನ ಬಸ್ಸು ಪುದುಚೇರಿಗೆ ಹೋಗುವ ದಾರಿಯಲ್ಲೇ ಮಹಾಬಲಿಪುರ. ಅಲ್ಲಿ ಕಡಲೊಳಗೆ ಮುಳುಗಿದ ಗುಡಿಗಳಿವೆ ಎಂದು ಮೀನುಗಾರರು ಹೇಳುತ್ತಲೇ ಇದ್ದರು. 2002ರ ಏಪ್ರಿಲ್‌ನಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಡೈವರ್‌ಗಳು ಬ್ರಿಟನ್ನಿನ ತಂಡವೊಂದರ ಜೊತೆ ಆ ಮಾತಿನ ಜಾಡು ಹಿಡಿದು ಇಳಿದರು. ದಡದಿಂದ ಒಂದು ಕಿಲೋಮೀಟರಿಗೂ ಒಳಗೆ, ಐದರಿಂದ ಎಂಟು ಮೀಟರ್ ಆಳದಲ್ಲಿ ಗೋಡೆಗಳ ಅವಶೇಷ, ಕಡಿದ ಕಲ್ಲುಗಳು ಸಿಕ್ಕವು.

ಋತುವಿನ ವಿಷಯದಲ್ಲಿ ನಮ್ಮ ಎರಡು ಕರಾವಳಿಗಳು ಬೆನ್ನಿಗೆ ಬೆನ್ನು ಮಾಡಿ ನಿಂತಿವೆ. ಕನ್ನಡಿಗರಿಗೆ ಸ್ಕೂಬಾ ಎಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ, ಮೇಲಿನಿಂದ ನೋಡಿದರೆ ಹೃದಯದ ಆಕಾರದಲ್ಲಿ ಕಾಣುವ ದ್ವೀಪ ಅದು. ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದ ಬಂಡೆ; ಬಿಳಿ ಹೊಟ್ಟೆಯ ಕಡಲಹದ್ದು ಗೂಡು ಕಟ್ಟುವ ಕಾಡು; ಮೀನುಗಾರರು ಹರಕೆ ಒಪ್ಪಿಸಿ ಬಿಟ್ಟ ಆಡುಗಳು ಅಲೆಯುವ ದಡ. ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು 2022ರ ‘ಗಂಧದ ಗುಡಿ’ಯಲ್ಲಿ ನಾಡೆಲ್ಲ ನೋಡಿದೆ. ಆ ನಂತರ ಅಲ್ಲಿಗೆ ಹೋಗಬೇಕೆಂಬ ಆಸೆ ಇಟ್ಟುಕೊಂಡ ಎಷ್ಟೋ ಮನೆಗಳನ್ನು ನಾನು ಚೆನ್ನೈಯಲ್ಲೇ ಕಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರದಲ್ಲಿ ನೇತ್ರಾಣಿಗೆ ಡೈವಿಂಗ್ ದೋಣಿ ಹೋಗುವುದಿಲ್ಲ. ಅಕ್ಟೋಬರ್‌ನಲ್ಲಿ ಅಲ್ಲಿ ಕಡಲು ತೆರೆದುಕೊಳ್ಳುವಾಗ ಇತ್ತ ಚೆನ್ನೈ, ಪುದುಚೇರಿಯಲ್ಲಿ ಹಿಂಗಾರು ಕಾಲಿಡುತ್ತದೆ. ಡಿಸೆಂಬರ್‌ವರೆಗೂ ಚಂಡಮಾರುತದ ಭಯ. ಶ್ರೀಲಂಕಾದ ಒಳಗೇ ಈ ವ್ಯತ್ಯಾಸ ಇದೆ. ಪೂರ್ವದ ತ್ರಿಂಕೋಮಲಿಗೆ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯದು, ಪಶ್ಚಿಮದ ಹಿಕ್ಕಡುವೆಗೆ ನವೆಂಬರ್‌ನಿಂದ ಏಪ್ರಿಲ್. ಹಡಗಿನ ವೇಳಾಪಟ್ಟಿ ಮಾಡುವವರು ರಜೆ ನೋಡುತ್ತಾರೆ, ಟಿಕೆಟ್ ನೋಡುತ್ತಾರೆ. ನೀರು ತಿಳಿಯಾಗಿರುವ ತಿಂಗಳನ್ನು ನಾವೇ ನೋಡಿಕೊಳ್ಳಬೇಕು.

ತ್ರಿಂಕೋಮಲಿಯ ಮಾತು ಬಂತು. ವೈಜ್ಞಾನಿಕ ಕಾದಂಬರಿಗಳಿಂದ ಜಗತ್ತಿಗೆ ಗೊತ್ತಾದ ಆರ್ಥರ್ ಸಿ. ಕ್ಲಾರ್ಕ್ 1956ರಲ್ಲಿ ಸಿಲೋನಿಗೆ ಬಂದು ನೆಲೆಸಿದ್ದು ಮುಖ್ಯವಾಗಿ ಡೈವಿಂಗ್ ಆಸೆಗೆ. ಆತನೂ ಗೆಳೆಯ ಮೈಕ್ ವಿಲ್ಸನ್ನನೂ ತ್ರಿಂಕೋಮಲಿಯ ಸ್ವಾಮಿ ಬಂಡೆಯ ಬುಡದ ನೀರಿನಲ್ಲಿ ಕೆತ್ತನೆಯ ಕಂಬಗಳನ್ನೂ ಕಲ್ಲುಗಳನ್ನೂ ಕಂಡರು. 1620ರ ದಶಕದಲ್ಲಿ ಪೋರ್ಚುಗೀಸರು ಕೆಡವಿದ ಕೋಣೇಶ್ವರಂ ದೇವಾಲಯದ ಅವಶೇಷಗಳು ಅವು. ಮುಂದೆ ಕ್ಲಾರ್ಕ್ ಶ್ರೀಲಂಕಾದಲ್ಲಿ ‘ಅಂಡರ್‌ವಾಟರ್ ಸಫಾರೀಸ್’ ಎಂಬ ಡೈವಿಂಗ್ ಸಂಸ್ಥೆಯನ್ನೇ ನಡೆಸಿದರು. ಲೋಕಪ್ರಸಿದ್ಧ ಲೇಖಕರೊಬ್ಬರು ಊರಿನ ಸ್ಕೂಬಾ ನಿರ್ವಾಹಕರೂ ಆಗಿದ್ದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಚೆನ್ನೈ ಹಡಗಿನಲ್ಲಿ ತ್ರಿಂಕೋಮಲಿಗೆ ಹೋಗಿ ಬರೀ ಪೇಟೆ ಸುತ್ತಿ ಬರುವವರಿಗೆ ಈ ಬಂಡೆಯ ಕಥೆಯಾದರೂ ತಿಳಿದಿರಲಿ.

ಹಾಗಾದರೆ ನಿರ್ವಾಹಕನನ್ನು ಆರಿಸುವುದು ಹೇಗೆ? ಪಾಡಿ, ಎಸ್‌ಎಸ್‌ಐ ಮೊದಲಾದ ಅಂತರರಾಷ್ಟ್ರೀಯ ಸಂಸ್ಥೆಗಳ ಮಾನ್ಯತೆ ಇದೆಯೇ ಎಂದು ನೋಡುವುದು ಸರಿ, ಆದರೆ ಅದು ಹೊಸ್ತಿಲು ಮಾತ್ರ. ತರಬೇತಿ ಇಲ್ಲದವರಿಗೆ ಮಾಡಿಸುವ ಪರಿಚಯದ ಡೈವ್ ಹನ್ನೆರಡು ಮೀಟರ್ ದಾಟುವಂತಿಲ್ಲ. ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ ಹದಿನೆಂಟು. ನಮ್ಮನ್ನು ಅದಕ್ಕಿಂತ ಕೆಳಗೆ ಕರೆದೊಯ್ಯುತ್ತೇನೆಂದು ಉಬ್ಬಿಸುವವನಿಂದ ದೂರ ಇರಬೇಕು. ಒಬ್ಬ ತರಬೇತುದಾರನ ಜೊತೆ ನೀರಿಗಿಳಿಯುವ ಹೊಸಬರು ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಕೊನೆಯ ಪ್ರಶ್ನೆ ಸಣ್ಣದಲ್ಲ. 2022ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ತಾರ್ಕರ್ಲಿಯಲ್ಲಿ ಸ್ಕೂಬಾಕ್ಕೆ ಹೋಗಿದ್ದ ಪ್ರವಾಸಿಗರ ದೋಣಿ ದಡದ ಹತ್ತಿರವೇ ಮಗುಚಿ ಇಬ್ಬರು ಸತ್ತರು. ಸ್ಕೂಬಾದ ಅಪಾಯ ನೀರಿನಡಿಯಲ್ಲಿ ಮಾತ್ರ ಇರುವುದಿಲ್ಲ. ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರಿನಲ್ಲಿ ಒಮ್ಮೆ ಉಸಿರೆಳೆದು ನೋಡಿ; ಎಣ್ಣೆಯ ವಾಸನೆ ಬಂದರೆ ಗಾಳಿ ತುಂಬುವ ಕಂಪ್ರೆಸರ್ ಸರಿಯಿಲ್ಲ ಎಂದೇ ಅರ್ಥ, ಆ ಸಿಲಿಂಡರ್ ಬೇಡ.

ಇವೆಲ್ಲಕ್ಕಿಂತ ನಾನು ಮೇಲಿಡುವ ಪ್ರಶ್ನೆ ಒಂದಿದೆ: ಇವತ್ತು ಕಡಲು ಸರಿಯಿಲ್ಲ ಎಂದರೆ ನೀವು ಹಣ ವಾಪಸ್ ಕೊಡುತ್ತೀರಾ, ಇಲ್ಲವೇ ದಿನ ಬದಲಿಸಿ ಕೊಡುತ್ತೀರಾ? ಕೊಡುತ್ತೇನೆ ಎನ್ನುವವನಿಗೆ ಇವತ್ತು ಬೇಡ ಎನ್ನಲು ಕಷ್ಟವಿಲ್ಲ. ಹಡಗಿನ ಗಿರಾಕಿಯ ವಿಷಯದಲ್ಲಿ ಈ ಧೈರ್ಯ ಎಲ್ಲರಿಗಿಂತ ಹೆಚ್ಚು ಬೇಕು, ಏಕೆಂದರೆ ಆ ಗಿರಾಕಿಗೆ ನಾಳೆ ಎಂಬುದೇ ಇಲ್ಲ. ಸಂಜೆ ಅವನ ಹಡಗು ಹೊರಟುಹೋಗುತ್ತದೆ. ಡೈವ್ ರದ್ದಾದರೆ ಆ ಹಣವೂ ಹೋಯಿತು, ಗಿರಾಕಿಯೂ ಹೋದ. ಸೆಳೆತ ಜೋರಾಗಿದ್ದರೂ ಹೇಗೋ ಇಳಿಸಿಬಿಡೋಣ ಎಂಬ ಒತ್ತಡ ಹುಟ್ಟುವುದು ಇಲ್ಲಿಂದಲೇ, ಮತ್ತು ಅದರಲ್ಲಿ ಅರ್ಧ ಪಾಲು ನಮ್ಮದು. ಇಷ್ಟು ದೂರ ಬಂದಿದ್ದೇವೆ, ಮಕ್ಕಳು ಆಸೆಪಟ್ಟಿದ್ದಾರೆ ಸಾರ್, ಸ್ವಲ್ಪ ನೋಡಿ ಎಂದು ದಡದಲ್ಲಿ ನಿಂತು ಬೇಡುವವರು ನಾವೇ.

ಆದ್ದರಿಂದ ಚೆನ್ನೈಯಲ್ಲಿರುವವರಿಗೂ ಬೆಂಗಳೂರಿನಿಂದ ಬಂದವರಿಗೂ ನನ್ನ ಸಲಹೆ ಬಸ್ಸಿನ ದಾರಿ. ಹಡಗಿನಲ್ಲಿ ಹೋಗುವವರು ಹೋಗಲಿ, ಅದರ ಸುಖವೇ ಬೇರೆ. ಮೊದಲ ಡೈವ್ ಮಾತ್ರ ಎರಡು ರಾತ್ರಿ ದಡದಲ್ಲಿ ಉಳಿಯುವ ಬಿಡುವಿನಲ್ಲಿ ಆಗಲಿ. ಒಂದು ದಿನ ಈಜುಕೊಳದಲ್ಲೋ ಆಳವಿಲ್ಲದ ನೀರಿನಲ್ಲೋ ಉಸಿರಾಟ ಕಲಿತು, ಮರುದಿನ ಕಡಲು ಒಪ್ಪಿದರೆ ಇಳಿಯುವುದು. ಒಪ್ಪದಿದ್ದರೆ ಮತ್ತೊಂದು ಬೆಳಗು ಕೈಯಲ್ಲಿರುತ್ತದೆ.

ಮರಳುವ ದಾರಿಗೂ ಲೆಕ್ಕ ಇದೆ. ಡೈವ್ ಮಾಡಿದ ಮೇಲೆ ಮೈಯಲ್ಲಿ ಉಳಿದ ಸಾರಜನಕ ಹೊರಬೀಳುವ ಮುನ್ನ ವಿಮಾನ ಹತ್ತಬಾರದು. ಒಂದೇ ಡೈವ್ ಆದರೆ ಕಡೇಪಕ್ಷ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಬಿಡಬೇಕೆಂಬುದು ಡೈವರ್‌ಗಳು ಪಾಲಿಸುವ ನಿಯಮ. ಚೆನ್ನೈಯಿಂದ ಎರಡು ಗಂಟೆಯ ಹಾರಾಟದಲ್ಲಿ ಅಂಡಮಾನ್‌ಗೆ ಹೋಗಿ ಹ್ಯಾವ್‌ಲಾಕ್‌ನಲ್ಲಿ ಮುಳುಗುವವರು ಕೊನೆಯ ದಿನದ ಮಧ್ಯಾಹ್ನವೂ ಒಂದು ಡೈವ್ ತುರುಕಿಕೊಳ್ಳಲು ನೋಡುತ್ತಾರೆ. ಅಲ್ಲಿನ ಒಳ್ಳೆಯ ಕೇಂದ್ರಗಳು ನಿಮ್ಮ ವಿಮಾನದ ಹೊತ್ತು ಕೇಳಿ ಬೇಡ ಎನ್ನುತ್ತವೆ. ಹ್ಯಾವ್‌ಲಾಕ್‌ನ ಹೆಸರಾಂತ ಡೈವಿಂಗ್ ತಾಣಗಳಲ್ಲೊಂದು ‘ಡಿಕ್ಸನ್ಸ್ ಪಿನಕಲ್’. ಅಂಡಮಾನಿನ ಕರೆನ್ ಸಮುದಾಯದ ಡೈವರ್ ಒಬ್ಬರ ಹೆಸರು ಅದಕ್ಕೆ ನಿಂತಿದೆ. ನೀರೊಳಗಿನ ಆ ಶಿಖರವನ್ನು ಕಂಡುಹಿಡಿದವರಿಗೆ ಸಂದ ಗೌರವ ಅದು.

ಇನ್ನು ಒಂದು ಕಾಗದದ ಮಾತು. ಡೈವ್‌ಗೆ ಮೊದಲು ಆರೋಗ್ಯದ ಪ್ರಶ್ನೆಗಳ ಒಂದು ಹಾಳೆ ಕೊಡುತ್ತಾರೆ. ಅಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಿಣಿಯೇ ಎಂಬುದು, ಈಗ ತೆಗೆದುಕೊಳ್ಳುವ ಔಷಧಿ. ಕೆಲವಕ್ಕೆ ಹೌದು ಎಂದರೆ ವೈದ್ಯರ ಸಹಿ ಬೇಕು, ಕೆಲವಕ್ಕೆ ಇಳಿಯುವುದೇ ಬೇಡ. ದೋಣಿ ಹೊರಡುವ ಗಡಿಬಿಡಿಯಲ್ಲಿ ಅದನ್ನು ಕೈಗೆ ಕೊಟ್ಟರೆ ಓದದೆ ಎಲ್ಲಕ್ಕೂ ಇಲ್ಲ ಎಂದು ಗೀಚಿ ಕೊಡುವವರೇ ಹೆಚ್ಚು. ಅಸ್ತಮಾದ ಪಂಪು ಚೀಲದಲ್ಲೇ ಇದ್ದರೂ. ಆ ಹಾಳೆಯನ್ನು ನಿರ್ವಾಹಕರಿಂದ ಒಂದು ವಾರ ಮೊದಲೇ ಫೋನಿಗೆ ತರಿಸಿಕೊಂಡು ಮನೆಯ ವೈದ್ಯರ ಮುಂದಿಟ್ಟು ಓದಿ. ಡಾಕ್ಟರು ಬೇಡ ಎಂದರೆ ಟಿಕೆಟ್ ರದ್ದು ಮಾಡಲು ಆಗ ಇನ್ನೂ ಸಮಯ ಇರುತ್ತದೆ.